ಇಟಲಿಯ ಹಳ್ಳಿ ನೋಡಬೇಕೆಂದರೆ ವಾಲ್ ದೋರ್ಚಾದಲ್ಲಿ ಉಳಿಯಿರಿ

ಇಟಲಿ ಅಂದ ಕೂಡಲೇ ನಮ್ಮವರ ಪಟ್ಟಿಯಲ್ಲಿ ಬರುವುದು ರೋಮ್, ಫ್ಲಾರೆನ್ಸ್, ವೆನಿಸ್, ಪೀಸಾ. ಹಳ್ಳಿ ನೋಡಬೇಕು ಅಂದವರಿಗೆ ಫ್ಲಾರೆನ್ಸ್‌ನಿಂದ ಒಂದು ದಿನದ ಬಸ್ ಟೂರ್ ಇರುತ್ತದೆ. ಬೆಳಿಗ್ಗೆ ಹೊರಟು, ಮೂರು ಊರು ಮುಟ್ಟಿ, ಫೋಟೊ ತೆಗೆದು, ರಾತ್ರಿ ವಾಪಸ್. ನನ್ನನ್ನು ಕೇಳಿದರೆ ಅದು ಬೇಡವೇ ಬೇಡ. ಒಂದು ಕಣಿವೆ ಆರಿಸಿಕೊಳ್ಳಿ. ಅಲ್ಲಿ ಒಂದು ತೋಟದ ಮನೆ ಹಿಡಿಯಿರಿ. ಕನಿಷ್ಠ ನಾಲ್ಕೈದು ರಾತ್ರಿ ಅಲ್ಲೇ ಉಳಿಯಿರಿ. ವೆನಿಸ್ ಬಿಟ್ಟುಹೋದರೂ ಪರವಾಗಿಲ್ಲ ಅನ್ನುವಷ್ಟು ಗಟ್ಟಿಯಾಗಿ ಇದನ್ನು ಹೇಳುತ್ತೇನೆ.

ನಾವು ಆರಿಸಿಕೊಂಡದ್ದು ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ದಕ್ಷಿಣಕ್ಕಿರುವ ವಾಲ್ ದೋರ್ಚಾ. ಸಿಯೆನಾ ನಗರಕ್ಕೂ ಅಮಿಯಾತಾ ಬೆಟ್ಟಕ್ಕೂ ನಡುವಿನ ಕಣಿವೆ ಇದು. 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಗೋಧಿ ಹೊಲದ ಗುಡ್ಡಗಳು, ಸಾಲು ಸೈಪ್ರೆಸ್ ಮರಗಳು, ಗುಡ್ಡದ ತುದಿಯಲ್ಲಿ ಒಂಟಿ ಕಲ್ಲಿನ ಮನೆ. ಕ್ಯಾಲೆಂಡರಿನಲ್ಲಿ ಎಲ್ಲರೂ ನೋಡಿರುವ ಚಿತ್ರ ಅದು. ಆ ಒಂಟಿ ಮನೆಗಳಿಗೆ ಒಂದು ಕಥೆ ಇದೆ. ಅಲ್ಲಿ ಇದ್ದವರು ಭೂಮಾಲೀಕರ ಹೊಲವನ್ನು ಕೋರಿಗೆ ಮಾಡುತ್ತಿದ್ದ ರೈತರು. ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ದುಡಿದವರಿಗೆ. ಎರಡನೇ ಮಹಾಯುದ್ಧದ ನಂತರ ಜನ ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು. 1964ರಲ್ಲಿ ಹೊಸದಾಗಿ ಕೋರು ಕರಾರು ಮಾಡಿಕೊಳ್ಳುವುದನ್ನೇ ಕಾನೂನು ನಿಲ್ಲಿಸಿತು. ಮನೆಗಳು ಖಾಲಿ ಬಿದ್ದವು. ಅವುಗಳಲ್ಲಿ ಎಷ್ಟೋ ಇವತ್ತು ಅತಿಥಿಗಳ ಮನೆಗಳಾಗಿವೆ.

ಇಂಥ ಮನೆಗಳಿಗೆ ಅಗ್ರಿತುರಿಸ್ಮೊ ಅಂತಾರೆ. ಬರೀ ಹೋಮ್‌ಸ್ಟೇ ಅಂದುಕೊಳ್ಳಬೇಡಿ. 1985ರಿಂದ ಇದಕ್ಕೇ ಒಂದು ಕಾನೂನಿದೆ. ಮನೆಯವರು ನಿಜವಾಗಿ ಬೇಸಾಯ ಮಾಡುತ್ತಿರಬೇಕು, ಅತಿಥಿಗಳಿಂದ ಬರುವುದು ಜೊತೆಗಿನ ಆದಾಯ ಆಗಿರಬೇಕು. ಬುಕ್ ಮಾಡುವಾಗ ಆ ಹೆಸರು ಇದೆಯಾ ನೋಡಿ. ಜೊತೆಗೆ ಎರಡು ವಿಷಯ ಕೇಳಿಕೊಳ್ಳಿ: ರಾತ್ರಿ ಊಟ ಹಾಕುತ್ತಾರಾ, ರೂಮಿನಲ್ಲಿ ಅಡುಗೆಮನೆ ಇದೆಯಾ. ಸಸ್ಯಾಹಾರಿಗಳಿಗೆ ಎರಡನೆಯದು ದೊಡ್ಡ ಆಸರೆ. ಊರಿನ ಪ್ರವಾಸಿ ತೆರಿಗೆಯನ್ನು ತಲೆಗೆ, ರಾತ್ರಿಗೆ ಇಷ್ಟು ಅಂತ ಅಲ್ಲೇ ಕೊಡಬೇಕಾಗುತ್ತದೆ. ಸ್ವಲ್ಪ ಚಿಲ್ಲರೆ ಯೂರೊ ಇಟ್ಟುಕೊಂಡಿರಿ.

ನಮ್ಮ ಜೊತೆ ನಮ್ಮತ್ತೆ ಇದ್ದರು. ಮೊಟ್ಟೆಯನ್ನೂ ಮುಟ್ಟದವರು. ಅವರಿಗೆ ಅಲ್ಲಿ ಅತಿ ಹೆಚ್ಚು ಹಿಡಿಸಿದ್ದು ಪೀಚಿ ಮಾಡುವುದನ್ನು ಕಲಿತದ್ದು. ಪೀಚಿ ಅಂದರೆ ಈ ಭಾಗದ ದಪ್ಪನೆಯ, ಕೈಯಲ್ಲೇ ಮಾಡುವ ಪಾಸ್ತಾ. ಬರೀ ಹಿಟ್ಟು, ನೀರು, ಉಪ್ಪು, ಒಂದಿಷ್ಟು ಆಲಿವ್ ಎಣ್ಣೆ. ನಾವಿದ್ದ ಮನೆಯ ಅಜ್ಜಿ ಮರದ ಹಲಗೆ ಮೇಲೆ ಹಿಟ್ಟು ನಾದಿ, ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರು. ಆಮೇಲೆ ಲಟ್ಟಿಸಿ, ಬೆರಳಗಲದ ಪಟ್ಟಿ ಕತ್ತರಿಸಿದರು. ಒಂದೊಂದೇ ಪಟ್ಟಿಯನ್ನು ಅಂಗೈ ಕೆಳಗೆ ಹಿಡಿದು ಹಿಂದೆ ಮುಂದೆ ಉರುಳಿಸುತ್ತಾ ಎಳೆದರೆ ಉದ್ದನೆಯ ಎಳೆ ಬರುತ್ತದೆ. ನಮ್ಮತ್ತೆ ದೀಪದ ಬತ್ತಿ ಹೊಸೆಯುವ ಹಾಗೆ ಎರಡೇ ನಿಮಿಷದಲ್ಲಿ ಕೈ ಪಳಗಿಸಿಕೊಂಡರು. ಆ ಅಜ್ಜಿ ಅವರ ಕೈ ಹಿಡಿದು ನೋಡಿ 'ಬ್ರಾವಾ, ಬ್ರಾವಾ' ಅಂದರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ತಾಸುಗಟ್ಟಲೆ ಕೂತು ಹೊಸೆದರು. ಟೊಮೆಟೊ, ಬೆಳ್ಳುಳ್ಳಿ ಹಾಕಿದ ಸಾಸ್ ಜೊತೆ ಅದನ್ನೇ ರಾತ್ರಿ ಉಂಡೆವು. ಎಷ್ಟೋ ತೋಟದ ಮನೆಗಳಲ್ಲಿ ಇಂಥ ಅಡುಗೆ ಪಾಠ ಇರುತ್ತದೆ. ಬುಕಿಂಗ್ ಮಾಡುವಾಗಲೇ ಕೇಳಿಬಿಡಿ.

ಊಟದ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ನಮ್ಮ ಕಡೆಯವರು ಮೊದಲು ಕೇಳುವುದೇ ಅದನ್ನು. ಪೀಚಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ಆದರೆ ತಾಲ್ಯಾತೆಲ್ಲೆಯಂಥ ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ. ರಿಬೊಲ್ಲಿತಾ ಅಂತ ಹುರುಳಿಕಾಯಿ ಬೀಜ, ಕಪ್ಪು ಎಲೆಕೋಸು, ಹಳೆ ಬ್ರೆಡ್ ಹಾಕಿ ಕುದಿಸುವ ಗಟ್ಟಿ ಸೂಪ್ ಇದೆ. ಹೊಟ್ಟೆ ತುಂಬುತ್ತದೆ. ಆದರೆ ಕೆಲವರು ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ, ಕೇಳದೆ ತಿನ್ನಬೇಡಿ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಬ್ರೋದೊ ದಿ ಕಾರ್ನೆ' ಅಂದರೆ ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ. ಮೊಟ್ಟೆಗೆ 'ಸೆಂತ್ಸಾ ಉವೊವಾ'. ಬರೀ 'ವೆಜಿಟೇರಿಯನ್' ಅಂದರೆ ಸಾರಿನ ವಿಷಯ ಅವರ ತಲೆಗೆ ಬರುವುದಿಲ್ಲ. ಬ್ರೆಡ್‌ನಲ್ಲಿ ಉಪ್ಪಿರುವುದಿಲ್ಲ. ಟಸ್ಕನಿಯ ರೂಢಿ ಅದು, ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದು ಡಬ್ಬಿ ಚಟ್ನಿಪುಡಿ ತೆಗೆದುಕೊಂಡು ಹೋಗಿ. ಆ ಬ್ರೆಡ್, ಅಲ್ಲಿನ ಆಲಿವ್ ಎಣ್ಣೆ, ನಮ್ಮ ಚಟ್ನಿಪುಡಿ ಬಹಳ ಚೆನ್ನಾಗಿ ಕೂಡುತ್ತವೆ.

ಊರುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪಿಯೆಂತ್ಸಾ. 1405ರಲ್ಲಿ ಇಲ್ಲಿ ಹುಟ್ಟಿದ ಹುಡುಗನೊಬ್ಬ ಮುಂದೆ ಎರಡನೇ ಪಿಯುಸ್ ಎಂಬ ಪೋಪ್ ಆದ. ತನ್ನ ಊರನ್ನು ಮಾದರಿ ನಗರ ಮಾಡಬೇಕೆಂದು ಬೆರ್ನಾರ್ದೊ ರೊಸ್ಸೆಲ್ಲಿನೊ ಎಂಬ ಶಿಲ್ಪಿಗೆ ಕೆಲಸ ಒಪ್ಪಿಸಿದ. 1459ರಿಂದ 1462ರೊಳಗೆ ಚರ್ಚು, ಅರಮನೆ, ಚೌಕ ಎಲ್ಲ ಎದ್ದು ನಿಂತವು. ಕೊರ್ಸಿನ್ಯಾನೊ ಅಂತ ಇದ್ದ ಹೆಸರೂ ಬದಲಾಗಿ ಪಿಯೆಂತ್ಸಾ ಆಯಿತು. ಅರಮನೆಯ ಹಿಂದಿನ ತೋಟಕ್ಕೆ ಟಿಕೆಟ್ ತೆಗೆದುಕೊಂಡು ಹೋಗಿ. ಅಲ್ಲಿಂದ ಇಡೀ ಕಣಿವೆ, ಎದುರಿಗೆ ಅಮಿಯಾತಾ ಬೆಟ್ಟ ಕಾಣುತ್ತದೆ. ಊರು ಚಿಕ್ಕದು, ಹೆಚ್ಚು ಏರಿಲ್ಲ. ಮಂಡಿನೋವು ಇರುವವರೂ ಆರಾಮಾಗಿ ಸುತ್ತಬಹುದು.

ಬೀದಿಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ಚೀಸ್ ವಾಸನೆ. ಕುರಿಹಾಲಿನ ಪೆಕೊರಿನೊ ಈ ಊರಿನ ಹೆಮ್ಮೆ. ಅಂಗಡಿಯಲ್ಲಿ ಚಕ್ರಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಕೆಲವಕ್ಕೆ ಬೂದಿ ಸವರಿರುತ್ತದೆ, ಕೆಲವನ್ನು ಅಕ್ರೋಟು ಎಲೆಯಲ್ಲಿ ಸುತ್ತಿಟ್ಟಿರುತ್ತಾರೆ. ಎಳೆಯದು ಬೆಳ್ಳಗೆ, ಮೆತ್ತಗೆ, ಹಾಲಿನ ರುಚಿ. ಹಳತಾದಷ್ಟು ಗಟ್ಟಿ, ಖಾರ ಖಾರ. ಕೇಳಿದರೆ ಚೂರು ಕೊಯ್ದು ರುಚಿಗೆ ಕೊಡುತ್ತಾರೆ. ಒಂದು ಎಚ್ಚರಿಕೆ: ಸಾಮಾನ್ಯವಾಗಿ ಹಾಲು ಒಡೆಸಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕಟ್ಟುನಿಟ್ಟಾಗಿ ಸಸ್ಯಾಹಾರಿಗಳಾದರೆ 'ಕಾಲ್ಯೊ ವೆಜೆತಾಲೆ' ಇರುವುದನ್ನು ಕೇಳಿ, ಅದು ಗಿಡದಿಂದ ಬಂದ ಹೆಪ್ಪು. ಊರಿಗೆ ತರುವುದಾದರೆ ಗಟ್ಟಿ ಚೀಸನ್ನೇ ಗಾಳಿ ತೆಗೆದು ಪ್ಯಾಕ್ ಮಾಡಿಸಿಕೊಳ್ಳಿ.

ಇನ್ನು ಬಿಸಿನೀರು. ಬಾನ್ಯೊ ವಿನ್ಯೋನಿ ಎಂಬ ಪುಟ್ಟ ಊರಿನಲ್ಲಿ ಚೌಕವೇ ಇಲ್ಲ, ಅದರ ಜಾಗದಲ್ಲಿ ಒಂದು ದೊಡ್ಡ ಕಲ್ಲಿನ ಕೊಳ. ನೆಲದಡಿಯಿಂದ ಬಿಸಿನೀರು ಉಕ್ಕಿ ಬರುತ್ತದೆ, ಮುಂಜಾನೆ ಹಬೆ ಏಳುತ್ತದೆ. ಸಿಯೆನಾದ ಸಂತ ಕ್ಯಾಥರಿನ್ ಇಲ್ಲಿಗೆ ಬಂದಿದ್ದಳಂತೆ. ಆ ಕೊಳದಲ್ಲಿ ಇಳಿಯುವ ಹಾಗಿಲ್ಲ. ಆದರೆ ನೀರು ಹರಿದುಹೋಗುವ ಕಡೆ, ಬಂಡೆಯ ಅಂಚಿನಲ್ಲಿ, ಹಳೆಯ ಹಿಟ್ಟಿನ ಗಿರಣಿಗಳ ಪಾರ್ಕ್ ಇದೆ. ಅಲ್ಲಿ ಬಂಡೆಯಲ್ಲಿ ಕೊರೆದ ಕಿರುಗಾಲುವೆಗಳಲ್ಲಿ ಉಗುರುಬೆಚ್ಚಗಿನ ನೀರು ಹರಿಯುತ್ತದೆ. ಕಾಲು ಬಿಟ್ಟುಕೊಂಡು ಕಣಿವೆ ನೋಡುತ್ತಾ ಕೂರಬಹುದು, ದುಡ್ಡು ಕೊಡಬೇಕಾಗಿಲ್ಲ. ಮೈಯೆಲ್ಲ ಮುಳುಗಿಸಬೇಕಾದರೆ ಅಮಿಯಾತಾ ಬುಡದ ಬಾನ್ಯಿ ಸಾನ್ ಫಿಲಿಪ್ಪೊಗೆ ಹೋಗಿ. ಕಾಡಿನ ಹಳ್ಳದಲ್ಲಿ ಸುಣ್ಣ ಕಟ್ಟಿ ಕಟ್ಟಿ ಗುಡ್ಡೆಯಾದ ಬಿಳಿ ಬಂಡೆ, ಅದರ ಕೆಳಗೆ ಬಿಸಿನೀರಿನ ಗುಂಡಿಗಳು. ದಾರಿ ಜಾರುತ್ತದೆ, ನೀರಿಗೆ ಇಳಿಯುವಾಗಲೂ ರಬ್ಬರ್ ಚಪ್ಪಲಿ ಇರಲಿ. ಹಳೇ ಈಜುಡುಪು ಸಾಕು. ಬೆಳ್ಳಿ ಕಾಲುಂಗುರ, ಗೆಜ್ಜೆ ತೆಗೆದಿಟ್ಟು ಹೋಗಿ, ಗಂಧಕದ ನೀರಿಗೆ ಕಪ್ಪಾಗುತ್ತವೆ.

ನಡೆಯುವವರಿಗೆ ಈ ಕಣಿವೆ ಹಬ್ಬ. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ವರೆಗೆ ಯಾತ್ರಿಕರು ನಡೆಯುತ್ತಿದ್ದ ವಿಯಾ ಫ್ರಾಂಚಿಜೆನಾ ದಾರಿ ಇಲ್ಲೇ, ಸಾನ್ ಕ್ವಿರಿಕೊ ಊರಿನ ಮೂಲಕ ಹಾದುಹೋಗುತ್ತದೆ. ಎರಡು ಮೂರು ಗಂಟೆ ಅದರ ಒಂದು ತುಂಡು ನಡೆದರೂ ಸಾಕು. ಸಾನ್ ಕ್ವಿರಿಕೊ ಮತ್ತು ಪಿಯೆಂತ್ಸಾ ನಡುವೆ ಹೊಲದ ಮಧ್ಯೆ ಇರುವ ವಿತಾಲೆತಾ ಪ್ರಾರ್ಥನಾಮಂದಿರಕ್ಕೂ ಮಣ್ಣಿನ ದಾರಿಯಲ್ಲಿ ನಡೆದೇ ಹೋಗಿ. ಬೆಳೆ ತುಳಿದು ಫೋಟೊ ತೆಗೆಯಬೇಡಿ. ಅದು ಒಬ್ಬ ರೈತನ ಅನ್ನ.

ಮೊಂತೆಪುಲ್ಚಿಯಾನೊ ಚೆಂದದ ಊರು, ಆದರೆ ಕಡಿದಾದ ಏರು. ವಯಸ್ಸಾದವರಿದ್ದರೆ ಊರ ಕೆಳಗಿನ ಸಾನ್ ಬಿಯಾಜೊ ಚರ್ಚು ನೋಡಿದರೂ ಸಮಾಧಾನ. ಮೊಂತಾಲ್ಚಿನೊ ವೈನ್‌ಗೆ ಹೆಸರುವಾಸಿ. ಅಲ್ಲಿನ ಬ್ರುನೆಲ್ಲೊ ವೈನ್ ದ್ರಾಕ್ಷಿ ಕೊಯ್ಲಾದ ಐದನೇ ವರ್ಷಕ್ಕೆ ಮೊದಲು ಮಾರಾಟಕ್ಕೆ ಬರುವಂತಿಲ್ಲ. ಕುಡಿಯದವರು ಆಲಿವ್ ಎಣ್ಣೆಯ ರುಚಿ ನೋಡಬಹುದು. ಹತ್ತಿರದ ಸಾಂತಾಂತಿಮೊ ಮಠವನ್ನು ಮಾತ್ರ ಬಿಡಬೇಡಿ. ಆಲಿವ್ ತೋಟಗಳ ನಡುವೆ 12ನೇ ಶತಮಾನದ ಕಲ್ಲಿನ ಕಟ್ಟಡ, ಒಳಗೆ ತಂಪು. ಭುಜ ಮುಚ್ಚುವ ಬಟ್ಟೆ ಇರಲಿ.

ಮಕ್ಕಳಿದ್ದರೆ 1738 ಮೀಟರ್ ಎತ್ತರದ ಅಮಿಯಾತಾಗೆ ಒಂದು ದಿನ ಕೊಡಿ. ಆರಿಹೋದ ಜ್ವಾಲಾಮುಖಿ ಅದು, ಈಗ ಮೈತುಂಬ ಬೀಚ್ ಮರ. ಅಬ್ಬಾದಿಯಾ ಸಾನ್ ಸಾಲ್ವತೋರೆಯಲ್ಲಿ ಹಿಂದೆ ಪಾದರಸದ ದೊಡ್ಡ ಗಣಿ ಇತ್ತು, ಈಗ ಅದು ಮ್ಯೂಸಿಯಂ. ಗಣಿ ಕೆಲಸಗಾರರು ಹೇಗೆ ಬದುಕಿದರು ಅಂತ ನೋಡಿದರೆ ಮೇಲಿನ ಚೆಂದದ ಚಿತ್ರಕ್ಕೆ ಇನ್ನೊಂದು ಮಗ್ಗುಲು ಸಿಗುತ್ತದೆ.

ಓಡಾಟಕ್ಕೆ ಕಾರು ಬೇಕೇ ಬೇಕು. ಬಸ್ಸು ಇದೆ, ಆದರೆ ಕಡಿಮೆ. ಭಾನುವಾರ ನಂಬುವ ಹಾಗಿಲ್ಲ. ರೈಲಿನಲ್ಲಿ ಬರುವುದಾದರೆ ರೋಮ್-ಫ್ಲಾರೆನ್ಸ್ ಮಾರ್ಗದ ಕಿಯೂಸಿ ಹತ್ತಿರದ ನಿಲ್ದಾಣ. ನನ್ನ ಸಲಹೆ, ರೋಮ್ ಅಥವಾ ಫ್ಲಾರೆನ್ಸ್ ವಿಮಾನ ನಿಲ್ದಾಣದಲ್ಲೇ ಕಾರು ತೆಗೆದುಕೊಳ್ಳಿ, ನಗರದೊಳಗೆ ಹೋಗಲೇಬೇಡಿ. ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕಡ್ಡಾಯ. ಹೊರಡುವ ಮೊದಲೇ ಆರ್‌ಟಿಒದಲ್ಲಿ ಮಾಡಿಸಿ. ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡೆಪಾಸಿಟ್‌ಗೆ ಡೆಬಿಟ್ ಕಾರ್ಡನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಆಟೊಮ್ಯಾಟಿಕ್ ಬೇಕಿದ್ದರೆ ಬಹಳ ಮುಂಚೆ ಹೇಳಿ.

ರಸ್ತೆಯ ಬಲಕ್ಕೆ ಓಡಿಸುವುದು ಒಂದೆರಡು ಗಂಟೆಯಲ್ಲಿ ರೂಢಿಯಾಗುತ್ತದೆ. ನಿಜವಾಗಿ ಹುಷಾರಾಗಿರಬೇಕಾದದ್ದು 'ಝಡ್‌ಟಿಎಲ್' ಬೋರ್ಡಿಗೆ. ಹಳೇ ಊರಿನ ಒಳಗೆ ಸ್ಥಳೀಯರ ವಾಹನಕ್ಕೆ ಮಾತ್ರ ಪ್ರವೇಶ ಅಂತ ಅದರ ಅರ್ಥ. ಬಿಳಿ ವೃತ್ತ, ಸುತ್ತ ಕೆಂಪು ಅಂಚು. ದಾಟಿದರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ, ತಿಂಗಳುಗಳ ಮೇಲೆ ದಂಡದ ಪತ್ರ ಮನೆಗೇ ಬರುತ್ತದೆ. ಹಳೇ ಊರಿನ ಕೋಟೆಗೋಡೆಯ ಹೊರಗೇ ಪಾರ್ಕ್ ಮಾಡಿ ನಡೆದು ಹೋಗಿ. ನೀಲಿ ಗೆರೆ ಇದ್ದರೆ ದುಡ್ಡು, ಬಿಳಿ ಇದ್ದರೆ ಪುಕ್ಕಟೆ, ಹಳದಿ ಇದ್ದರೆ ನಮಗಲ್ಲ. ಪೆಟ್ರೋಲ್ ಬಂಕ್‌ನಲ್ಲಿ 'ಸೆಲ್ಫ್' ಕಡೆ ನಿಲ್ಲಿಸಿ, ಅವರು ಹಾಕಿಕೊಟ್ಟರೆ ಲೀಟರ್‌ಗೆ ಜಾಸ್ತಿ. ತೋಟದ ಮನೆಗೆ ಹೋಗುವ ದಾರಿ ಸಾಮಾನ್ಯವಾಗಿ ಬಿಳಿ ಜಲ್ಲಿಯ ಮಣ್ಣುರಸ್ತೆ. ಕತ್ತಲಾಗುವ ಮೊದಲು ತಲುಪಿ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಣ್ಣ ಊರಿನ ಅಂಗಡಿಗಳು ಮುಚ್ಚಿರುತ್ತವೆ. ಹೋಟೆಲ್‌ನಲ್ಲಿ ಎರಡೂವರೆ ಮೇಲೆ ಊಟ ಸಿಗುವುದು ಕಷ್ಟ, ರಾತ್ರಿ ಏಳೂವರೆಗೆ ಮೊದಲು ಬಾಗಿಲು ತೆಗೆಯುವುದಿಲ್ಲ. ಮಕ್ಕಳಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕಾರಿನಲ್ಲಿ ತಿಂಡಿ ಇಟ್ಟುಕೊಂಡಿರಿ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಎರಡು ಮೂರು ಯೂರೊ ಇರುತ್ತದೆ. ಮೋಸ ಅಲ್ಲ, ಅಲ್ಲಿನ ಪದ್ಧತಿ.

ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ತಡ ಮಾಡಬೇಡಿ. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ತೋಟದ ಮನೆಯವರಿಂದ ಎಲ್ಲರ ಹೆಸರು, ತಾರೀಕು ಇರುವ ಬುಕಿಂಗ್ ಪತ್ರ ತರಿಸಿಕೊಳ್ಳಿ.

ಯಾವ ತಿಂಗಳು ಅಂತ ಕೇಳಿದರೆ ಮೇ ಅನ್ನುತ್ತೇನೆ. ಗೋಧಿ ಹಸಿರಾಗಿರುತ್ತದೆ, ನಡುವೆ ಕೆಂಪು ಗಸಗಸೆ ಹೂವು. ಜೂನ್ ಕೊನೆಗೆ ಹೊಲ ಬಂಗಾರ ಬಣ್ಣಕ್ಕೆ ತಿರುಗಿ ಕೊಯ್ಲು ಶುರುವಾಗುತ್ತದೆ. ಆಗಸ್ಟ್‌ನಲ್ಲಿ ಉತ್ತ ಹೊಲದ ಬರೀ ಮಣ್ಣು, ಬಿಸಿಲು, ಜನಜಂಗುಳಿ. ಹಸಿರು ನೋಡಬೇಕೆಂದು ಆಗ ಹೋಗಬೇಡಿ. ಮಕ್ಕಳ ದಸರಾ ರಜೆ ನೋಡಿಕೊಂಡು ಅಕ್ಟೋಬರ್‌ನಲ್ಲಿ ಹೊರಡುವವರು ತಿಂಗಳ ಕೊನೆಯ ಕಡೆಗೆ ದಿನ ಹೊಂದಿಸಿಕೊಳ್ಳಿ. ಆಲಿವ್ ಕೀಳುವ ಕೆಲಸ ನಡೆದಿರುತ್ತದೆ, ಮನೆಯವರ ಜೊತೆ ನೀವೂ ಕೈ ಹಾಕಬಹುದು. ಗಾಣದಿಂದ ಆಗಷ್ಟೇ ಇಳಿದ ಹೊಸ ಎಣ್ಣೆ ಸಿಗುತ್ತದೆ, ಗಂಟಲಿಗೆ ಚುರ್ ಅನ್ನುವಷ್ಟು ಖಾರ. ಬಾಟಲಿಗಿಂತ ತಗಡಿನ ಡಬ್ಬಿಯಲ್ಲಿ ಕೊಂಡು ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ನಡುವೆ ಇಡಿ.