ಕ್ಯಾಮ್ರಿಯ ಹಿಂದಿನ ಸ್ಟ್ರಟ್: ಎರಡು ವಾರಾಂತ್ಯದ ಕಥೆ

ಶುಕ್ರವಾರ ರಾತ್ರಿ

2004ರ ಟೊಯೋಟಾ ಕ್ಯಾಮ್ರಿ, 1,68,000 ಮೈಲಿ ಓಡಿದೆ. ಗುಂಡಿಗೆ ಇಳಿದಾಗೆಲ್ಲ ಹಿಂದಿನಿಂದ ಖಟ್ ಅಂತ ಸದ್ದು. ಹಂಪ್ ದಾಟಿದ ಮೇಲೂ ತೊಟ್ಟಿಲಿನ ಹಾಗೆ ತೂಗುತ್ತೆ. ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಬಲಗಡೆ ಸ್ಟ್ರಟ್ (ಕುಲುಕಾಟ ತಡೆಯೋ, ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ಮೈಯೆಲ್ಲ ಎಣ್ಣೆ, ಅದಕ್ಕೆ ಧೂಳು ಮೆತ್ತಿ ಕರೀ ಹಿಟ್ಟಾಗಿದೆ. ಎಡಗಡೆಯದು ಒಣಗಿದೆ, ಆದರೂ ಇವನ್ನು ಜೋಡಿಯಾಗಿಯೇ ಬದಲಿಸಬೇಕು.

ಸ್ಪ್ರಿಂಗ್ ಸಮೇತ ಜೋಡಿಸಿಟ್ಟ ಸೆಟ್ಟನ್ನೇ ತರಿಸಿದ್ದೀನಿ. ಬರೀ ಸ್ಟ್ರಟ್ ಅಗ್ಗ, ಆದರೆ ಹಳೇ ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಅದುಮಿ ಬಿಚ್ಚಬೇಕು. ಜಾರಿದರೆ ಮುಖಕ್ಕೇ ಬರುತ್ತೆ. ಅಷ್ಟು ಧೈರ್ಯ ನನಗಿಲ್ಲ. ಮಿಷಿಗನ್‌ನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ, ತುಕ್ಕು ಹಿಡಿಯದ ನಟ್ಟೇ ಇಲ್ಲ. ಎಲ್ಲಕ್ಕೂ ಪೆನಿಟ್ರೇಟಿಂಗ್ ಆಯಿಲ್ ಹೊಡೆದು ಮಲಗಿದೆ.

ಶನಿವಾರ

ಬೆಳಗಿನ ಹೊತ್ತೆಲ್ಲ ಕಾರಿನ ಒಳಗೇ ಕಳೀತು. ಸ್ಟ್ರಟ್ಟಿನ ತಲೆಯ ಮೂರು ನಟ್ಟು ಹಿಂದಿನ ಸೀಟಿನ ಬೆನ್ನ ಹಿಂದೆ ಅಡಗಿವೆ. ಸೀಟು ತೆಗೀ, ಪಕ್ಕದ ದಿಂಬು ತೆಗೀ, ಗಾಜಿನ ಕೆಳಗಿನ ಹಲಗೆ ಎತ್ತು. ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಕ್ಲಿಪ್ಪು, ಮುಟ್ಟಿದರೆ ಹಪ್ಪಳ. ಎರಡು ಮುರಿದವು.

ಹಿಂಭಾಗವನ್ನು ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಒಂದೇ ಕಡೆ ಎತ್ತಿದರೆ ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲದ ಹಾಗೆ ಎರಡೂ ಕಡೆ ಸೇರಿಸೋ ಕಂಬಿ) ತಿರುಚಿಕೊಂಡು, ಅದನ್ನು ಸ್ಟ್ರಟ್ಟಿಗೆ ಜೋಡಿಸೋ ಲಿಂಕ್ ಬಿಚ್ಚೋಕೆ ಬಿಡಲ್ಲ. ಆದರೂ ಬಲಗಡೆ ಲಿಂಕಿನ ನಟ್ಟು ತಿರುಗಿಸಿದರೆ ಒಳಗಿನ ಕಡ್ಡಿಯೂ ಜೊತೆಗೇ ಸುತ್ತಿತು. ಕಡ್ಡಿಯ ತುದಿಗೆ ಆಲೆನ್ ಕೀ ಕೊಟ್ಟು ಹಿಡಿದು, ಕಾಲು ಸುತ್ತು, ಮತ್ತೆ ಕಾಲು ಸುತ್ತು. ಮುಕ್ಕಾಲು ಗಂಟೆ. ಬಿಚ್ಚಿ ಕೈಯಲ್ಲಿ ಹಿಡಿದಾಗ ಅದರ ಬಾಲ್ ಜಾಯಿಂಟ್ ಆರು ವರ್ಷದ ಮಗುವಿನ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ನೋಡಿಯೂ ನೋಡದ ಹಾಗೆ ಪಕ್ಕಕ್ಕಿಟ್ಟೆ.

ಕೆಳಗಿನ ಎರಡು ದೊಡ್ಡ ಬೋಲ್ಟು ಬ್ರೇಕರ್ ಬಾರ್‌ಗೆ ಎರಡಡಿ ಪೈಪು ಸಿಕ್ಕಿಸಿದ ಮೇಲೆ, ಬಂದೂಕು ಹೊಡೆದ ಸದ್ದು ಮಾಡಿ ಬಿಟ್ಟವು. ಬೋಲ್ಟು ಎಳೆಯೋ ಮುಂಚೆ ಬ್ರೇಕ್ ಹೋಸಿನ ಕ್ಲಾಂಪನ್ನು ಸ್ಟ್ರಟ್ಟಿನಿಂದ ಬಿಡಿಸಿ, ನಕಲ್ಲನ್ನು (ಚಕ್ರ ಕೂರೋ ಲೋಹದ ತುಂಡು) ತಂತಿಯಲ್ಲಿ ಕಟ್ಟಿದೆ. ಇಲ್ಲದಿದ್ದರೆ ಭಾರವೆಲ್ಲ ಹೋಸಿನ ಮೇಲೆ. ಮೇಲಿನ ಕೊನೇ ನಟ್ಟು ಇವಳು ಒಳಗಿಂದ ಬಿಚ್ಚಿದಳು, ನಾನು ಕೆಳಗೆ ಹಿಡಿದೆ. "ಬಿಟ್ಟೆ, ಹಿಡ್ಕೊಂಡಿದ್ದೀರಾ?" ಅಂತ ಕೇಳಿದ್ದು ಬಿಟ್ಟ ಮೇಲೆ.

ಹೊಸದನ್ನು ಕೂರಿಸಿ ಕೆಳಗಿನ ಬೋಲ್ಟು 188 ಫುಟ್-ಪೌಂಡ್ ಬಿಗಿ, ಮೇಲಿನ ನಟ್ಟು 29. ಹಳೇ ಲಿಂಕನ್ನೇ ಹಾಕಿದೆ.

ಭಾನುವಾರ

ಎಡಗಡೆ ಎರಡೂವರೆ ಗಂಟೆಯಲ್ಲಿ ಮುಗೀತು. ಒಂದು ಸುತ್ತು ಓಡಿಸಿದೆ. ತೂಗಾಟ ಮಾಯ, ಕಾರು ನೆಲ ಕಚ್ಚಿಕೊಂಡು ಹೋಗುತ್ತೆ. ಮೊದಲ ಗುಂಡಿ ಬಂತು. ಖಟ್.

ಹಾಲುಹಲ್ಲು ನೆನಪಾಯಿತು.

ಮುಂದಿನ ಶನಿವಾರ

ಎರಡೂ ಕಡೆ ಹೊಸ ಲಿಂಕ್. ಬಲಗಡೆಯದು ಈ ಸಲ ಆಲೆನ್ ಕೀಗೂ ಬಗ್ಗಲಿಲ್ಲ, ಗ್ರೈಂಡರಿನಲ್ಲಿ ಕತ್ತರಿಸಿದೆ. ಸದ್ದು ನಿಂತಿತು. ಆ ದಿನವೇ ಹಾಕಿದ್ದರೆ ವಾರವಿಡೀ ಖಟ್ ಕೇಳೋದು ತಪ್ಪುತ್ತಿತ್ತು, ಜಿಪುಣತನ. ಸೋಮವಾರ ಅಲೈನ್‌ಮೆಂಟ್ ಮಾಡಿಸಬೇಕು.

ಹಳೇ ಸ್ಟ್ರಟ್ ಎರಡೂ ಗ್ಯಾರೇಜಿನ ಮೂಲೆಯಲ್ಲಿವೆ. ಸ್ಪ್ರಿಂಗ್ ಇನ್ನೂ ಬಿಗಿದುಕೊಂಡೇ ಇದೆ. ಗುಜರಿಗೆ ಹೋಗೋವರೆಗೂ ಮಗಳಿಗೆ ಆ ಕಡೆ ಸುಳಿಯಬೇಡ ಅಂದಿದ್ದೀನಿ.