ನೋಟಿಸಿಗಿಂತ ಮೊದಲು ಮನೆ ಬಾಗಿಲು

ಶಿರಸಿ ಸೀಮೆಯ ಒಂದು ಹಳ್ಳಿಯ ಸೇವಾ ಸಹಕಾರಿ ಸಂಘದಲ್ಲಿ ನಾನು ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ಬೆಳೆಸಾಲ ಗಡುವಿನೊಳಗೆ ತೀರಿದರೆ ಮಾತ್ರ ಶೂನ್ಯ ಬಡ್ಡಿ. ದಿನ ದಾಟಿತೋ, ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಅದು ಗೊತ್ತಿರುವುದರಿಂದ ಹೆಚ್ಚಿನವರು ಕೈಗಡ ತಂದಾದರೂ ಕಟ್ಟಿಬಿಡುತ್ತಾರೆ. ಕಟ್ಟದವರ ಪಟ್ಟಿ ತಯಾರಿಸಿ, ಅವರಿಗೂ ಜಾಮೀನುದಾರರಿಗೂ ನೋಟಿಸು ಬರೆಯುವುದು ನನ್ನ ಕೆಲಸ.

ನಾನು ಕೆಲಸಕ್ಕೆ ಸೇರಿದಾಗ ಇದ್ದ ಕಾರ್ಯದರ್ಶಿಗಳು ಪಟ್ಟಿ ಕೊಟ್ಟ ಕೂಡಲೇ ಸಹಿ ಹಾಕಿದವರಲ್ಲ. ಹೆಸರಿನ ಮೇಲೆ ಬೆರಳಿಟ್ಟು, "ಈ ಮನೆ ಬದಿಗೆ ಹೋಗಿದ್ಯ? ಎಂತ ಆಜು ಹೇಳಿ ಕೇಳ್ಕ್ಯಂಡು ಬಾ ತಮಾ" ಅನ್ನುತ್ತಿದ್ದರು.

ಒಂದು ವರ್ಷ ಗಡುವಿಗೆ ಇನ್ನೂ ಕೆಲವು ವಾರ ಇರುವಾಗಲೇ ಹಾಗೆ ಒಂದು ಮನೆಗೆ ಹೋದೆ. ಯಜಮಾನರು ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದು ಮಲಗಿದ್ದರು. ಅಂಗಳದಲ್ಲಿ ಕೊಯ್ದ ಹಸಿ ಅಡಿಕೆ ಕೊನೆಗಳ ರಾಶಿ, ಅರ್ಧಕ್ಕೆ ತಾಡಪಾಲು. ಹಸಿ ಅಡಿಕೆ ಕಾಯುವ ಮಾಲಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಸುಲಿಯುವವರನ್ನು ಕರೆಯಬಾರದಿತ್ತೇ ಎಂದು ಕೇಳಿದ್ದಕ್ಕೆ ಆ ಮನೆಯ ಅಕ್ಕ, "ತಿರುಗಿ ಆಳು ಕಳ್ಸಲೆ ನಮ್ಮನೇಲಿ ಯಾರೂ ಇಲ್ಲೆ" ಅಂದರು. ಮುಯ್ಯಾಳು, ಅಂದರೆ ಬಂದ ಆಳಿಗೆ ಬದಲಾಗಿ ಕಳಿಸಬೇಕಾದ ಆಳು, ತೀರಿಸಲಾಗದು ಎಂಬ ಸಂಕೋಚಕ್ಕೆ ಅವರು ಪಕ್ಕದ ಮನೆಗೂ ಹೇಳಿರಲಿಲ್ಲ.

ಕಾರ್ಯದರ್ಶಿಗಳು ಜಾಮೀನುದಾರರಿಬ್ಬರಿಗೂ ಫೋನು ಮಾಡಿದರು. ಕತ್ತಲಾಗುವ ಹೊತ್ತಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದು ಜನ ಬಂದರು. ಜಗುಲಿ ಮೇಲೆ ಸಾಲಾಗಿ ಕೂತು ಸುಲಿದರು. ಅವರಲ್ಲಿ ಒಬ್ಬರು ದಿನಗೂಲಿಯವರು. ಸ್ವಂತಕ್ಕೆ ಒಂದು ಗುಂಟೆ ತೋಟವಿಲ್ಲ, ಅಡಿಕೆ ಸುಲಿಸಲು ಯಾರನ್ನೂ ಎಂದೂ ಕರೆಯಬೇಕಾದವರಲ್ಲ. ಎಲ್ಲರಿಗಿಂತ ಕೊನೆಗೆ ಎದ್ದವರು ಅವರೇ. ಅಡಿಕೆ ಬೆಂದು, ಒಣಗಿ, ಶಿರಸಿ ಮಾರುಕಟ್ಟೆಗೆ ಹೋಯಿತು. ಸಾಲ ಗಡುವಿನೊಳಗೆ ತೀರಿತು.

ನಮ್ಮ ಕಡೆಯ ಸಹಕಾರಕ್ಕೆ ಮೂಲ ಅಗತ್ಯವೇ, ನಿಜ. ಅಡಿಕೆಕಾಯಿ ಕೊಳೆಸುವ ಕೊಳೆರೋಗಕ್ಕೆ ಬೇಲಿ ಲೆಕ್ಕವಿಲ್ಲ. ಮಳೆಗಾಳಿಯ ಜೊತೆ ತೋಟದಿಂದ ತೋಟಕ್ಕೆ ದಾಟುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮಳೆ ಹೊಳವಾದಾಗ ಇನ್ನೊಮ್ಮೆ ಹೊಡೆಯಬೇಕು. ಪಕ್ಕದವರು ಹೊಡೆಯದಿದ್ದರೆ ನನ್ನ ತೋಟಕ್ಕೂ ಅಪಾಯ. ಹಾಗಾಗಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಹೊಂದಿಸಿಕೊಳ್ಳುವುದು, ದೋಟಿ (ಉದ್ದನೆಯ ಕೋಲು), ಪಂಪು ಕೊಟ್ಟು ತೆಗೆದುಕೊಳ್ಳುವುದು ನಡೆದೇ ಇದೆ. ಆದರೆ ಅಗತ್ಯದ ಲೆಕ್ಕ ತಿರುಗಿ ಕೊಡಬಲ್ಲವನವರೆಗೆ ಮಾತ್ರ ಹೋಗುತ್ತದೆ. ಕೊಡಲಾಗದವನ ಅಂಗಳಕ್ಕೆ ಜನರನ್ನು ಕರೆತರುವುದು ಇನ್ನೊಬ್ಬರ ಕಷ್ಟ ತನ್ನದೆನಿಸುವ ಗುಣ. ಸಮಾಜ ನಿಂತಿರುವುದು ಅದರ ಮೇಲೆ ಎಂದು ನಾನು ನಂಬಿದ್ದೇನೆ. ಕಾರವಾರದಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ತಮಿಳುನಾಡಿನವರು. ಅವರನ್ನು ಮೇಲೆತ್ತಲು ಪೊಲೀಸರ ಜೊತೆ ಕೈಜೋಡಿಸಿದ ಮೀನುಗಾರರು ಯಾವ ಮುಯ್ಯಿಯ ಲೆಕ್ಕ ಹಾಕಿದ್ದರು?

ಸಹಕಾರಿ ಸಂಘಗಳನ್ನು ಕಟ್ಟಿದ ಹಿರಿಯರಿಗೆ ಇದು ತಿಳಿದಿತ್ತು ಅನಿಸುತ್ತದೆ. 1904ರಲ್ಲಿ ಸಹಕಾರಿ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ಇಂಥ ಸಂಘಗಳ ವ್ಯಾಪ್ತಿ ಒಂದೆರಡು ಹಳ್ಳಿಗೆ ಸೀಮಿತವಾಗಿದ್ದರಿಂದ ಸಾಲ ಕೊಡುವವರಿಗೆ ತೆಗೆದುಕೊಳ್ಳುವವರ ಮನೆಯ ಸ್ಥಿತಿ ಗೊತ್ತಿರುತ್ತಿತ್ತು. ಈಗ ಕಂಪ್ಯೂಟರು ಪಟ್ಟಿಯನ್ನು ಕ್ಷಣದಲ್ಲಿ ಕೊಡುತ್ತದೆ. ಮನೆಯಲ್ಲಿ ಎಂತ ಆಗಿದೆ ಅನ್ನುವುದು ಅದರಲ್ಲಿ ಬರುವುದಿಲ್ಲ.

ಇಷ್ಟು ಮೆತ್ತಗಾದರೆ ವಸೂಲಿ ಆಗುತ್ತದೆಯೇ ಎಂದು ಸಭೆಯಲ್ಲಿ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಠೇವಣಿ ಇಟ್ಟವರೂ ಇದೇ ಊರಿನವರು. ನಾವು ಅಸಲು ಬಿಟ್ಟಿಲ್ಲ, ಗಡುವು ಮುಂದೂಡಿಲ್ಲ. ಗಡುವಿಗೆ ತಿಂಗಳಿರುವಾಗಲೇ ಸಾಲಗಾರರ ಮನೆಗೆ ಹೋಗಿ ಬರುತ್ತೇವೆ, ಜಾಮೀನುದಾರರಿಗೆ ಫೋನು ಮಾಡುತ್ತೇವೆ. ಕಷ್ಟವಿಲ್ಲದೆಯೂ ಕಟ್ಟದವರಿಗೆ ನೋಟಿಸು ಹೋಗುತ್ತದೆ, ಅದನ್ನು ನಾನೇ ಬರೆಯುತ್ತೇನೆ.