ಚಾಲುಕ್ಯರ ನಾಡಲ್ಲಿ ಮಾತಿಗೆ ಸಿಕ್ಕವರು

ಬಾದಾಮಿಗೆ ಹೋಗಿ ಬಂದವರ ಫೋನ್ ಇಸ್ಕೊಂಡು ನೋಡಿ, ಹೆಚ್ಚುಕಮ್ಮಿ ಎಲ್ಲರ ಹತ್ತಿರವೂ ಅವೇ ಫೋಟೋಗಳು. ಒಂದನೇ ಗುಹೆಯ ಹದಿನೆಂಟು ಕೈಗಳ ನಟರಾಜ, ಮೆಟ್ಟಿಲ ಮೇಲಿಂದ ಕಾಣುವ ಅಗಸ್ತ್ಯ ತೀರ್ಥ, ಮೂರನೇ ಗುಹೆಯ ಕಂಬಗಳು, ಚಿಪ್ಸ್ ಪ್ಯಾಕೆಟ್ ಕಿತ್ತುಕೊಂಡು ಓಡುವ ಒಂದು ಕೋತಿ. ನನ್ನ ಫೋನಲ್ಲೂ ಇವೆ, ಕೋತಿಯೂ ಸೇರಿ. ಮೂರನೇ ಗುಹೆಯಲ್ಲಿ ಮಂಗಲೇಶನ 578ರ ಶಾಸನ ಇದೆ ಎನ್ನುವುದನ್ನು ನಾನು ಬರೆಯದಿದ್ದರೂ ನಿಮಗೆ ಎಲ್ಲಾದರೂ ಓದಲು ಸಿಗುತ್ತದೆ. ಆದರೆ ಆ ಕಡೆ ಓಡಾಡುವಾಗ ನನ್ನನ್ನು ಕೂರಿಸಿಕೊಂಡು ಮಾತಾಡಿದವರ ವಿಷಯ ಬೇರೆ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಇದು ಅವರ ಬಗ್ಗೆ. ಯಾರ ಹೆಸರನ್ನೂ ಹಾಕಿಲ್ಲ. ಕೆಲವರು ಹಾಕು ಅಂದರು, ಕೆಲವರು ಬೇಡ ಅಂದರು, ಯಾರದ್ದೂ ಹಾಕದೇ ಇರುವುದೇ ಸರಿ ಅನ್ನಿಸಿತು.

ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟಿದ್ದೆ. ಹುಬ್ಬಳ್ಳಿ, ಗದಗ ದಾಟಿ ಬಾದಾಮಿ. ಸ್ಟೇಷನ್ನಿಂದ ಊರು ಸ್ವಲ್ಪ ದೂರ, ಶೇರ್ ಆಟೋ ಸಿಗುತ್ತದೆ. ಗುಹೆಗಳನ್ನು ನೋಡಿ ಮುಗಿಸಿ, ಬಿಸಿಲು ಏರುವ ಹೊತ್ತಿಗೆ ಬನಶಂಕರಿಗೆ ಹೋದೆ.

ಬನಶಂಕರಿ ದೇವಸ್ಥಾನದ ಎದುರಿಗೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ ಮಾರುವ ಹೆಂಗಸರಿದ್ದಾರೆ. ಬುಟ್ಟಿಯಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದೆರಡು ಥರದ ಪಲ್ಯ, ಪಕ್ಕದಲ್ಲಿ ಪುಟ್ಟ ಪುಟ್ಟ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ನೀವು ಆ ಕಡೆ ತಿರುಗಿ ನೋಡಿದರೆ ಸಾಕು, ನಾಲ್ಕು ಕಡೆಯಿಂದ ಕರೆಯುತ್ತಾರೆ. "ಯವ್ವಾ, ಬಾ ಇಲ್ಲೆ, ಮೊಸರು ಹೆಂಗೈತಿ ನೋಡ ಬಾ" ಅಂತ ಕರೆದ ಒಬ್ಬರು ಅಮ್ಮನ ಹತ್ತಿರ ಕೂತೆ. ನಾನು ಬಾಯಿ ತೆರೆದ ಕೂಡಲೇ ಅವರಿಗೆ ಗೊತ್ತಾಯಿತು. "ಮೈಸೂರ ಕಡೆಯಾಕಿ ಏನ್? ಒಬ್ಬಾಕೀನ ಬಂದೀಯೇನು? ಮನ್ಯಾಗ ಹೇಳಿ ಬಂದೀಯಿಲ್ಲೊ?" ಈ ಮೂರನೇ ಪ್ರಶ್ನೆಗೆ ನಾನು ಹೌದು ಅಂದಮೇಲೇ ರೊಟ್ಟಿ ಬಂದದ್ದು.

ಬನದ ಹುಣ್ಣಿಮೆಯ ಜಾತ್ರೆ ಗೊತ್ತಲ್ಲ, ಜನವರಿಯ ಹೊತ್ತಿಗೆ ಬರುತ್ತದೆ. ಆಗ ಇಲ್ಲಿಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕಿ ವಾರಗಟ್ಟಲೆ ಆಡುತ್ತವೆ. ವೃತ್ತಿ ನಾಟಕಗಳನ್ನು ಇಷ್ಟಪಡುವವರಿಗೆ ಅದೇ ದೊಡ್ಡ ಹಬ್ಬ. ಅಮ್ಮ ಆಗ ರಾತ್ರಿಯೂ ಬುಟ್ಟಿ ಇಡುತ್ತಾರಂತೆ. ಹಾಗಾದರೆ ಎಷ್ಟೊಂದು ನಾಟಕ ನೋಡಿರಬೇಕಲ್ಲ ನೀವು ಅಂದೆ.

"ಒಂದೂ ಪೂರ್ತಿ ನೋಡಿಲ್ಲ ನೋಡು. ಮೊದಲಿಂದ ಅರ್ಧ ಅಷ್ಟ ನೋಡೀನಿ. ಇಂಟ್ರವಲ್ಲಿಗೆ ಮಂದಿ ಹೊರಗ ಬರ್ತಾರ, ರೊಟ್ಟಿ ಕೇಳ್ತಾರ, ಮತ್ತ ಒಳಗ ಹೋಗಾಕ ಆಗೂದಿಲ್ಲ. ಕಡೀಗೆ ಯಾರು ಸತ್ರು, ಯಾರ ಲಗ್ನ ಆತು, ಎಲ್ಲಾ ನಾಟಕ ಬಿಟ್ಟಮ್ಯಾಲೆ ಗಿರಾಕಿ ಹತ್ರ ಕೇಳ್ತೀನಿ. ಒಬ್ಬರು ಒಂದು ಹೇಳ್ತಾರ, ಇನ್ನೊಬ್ಬರು ಇನ್ನೊಂದು ಹೇಳ್ತಾರ. ನನಗ ಯಾವುದು ಸೇರ್ತೈತಿ ಅದು ಖರೇ ಅಂತ ಇಟ್ಕೋತೀನಿ."

ಪಕ್ಕದ ಬುಟ್ಟಿಯವರು ಬಿದ್ದು ಬಿದ್ದು ನಕ್ಕರು. ಈಕೆ ಹೇಳುವ ನಾಟಕದಲ್ಲಿ ಯಾರೂ ಸಾಯುವುದೇ ಇಲ್ಲ, ಎಲ್ಲರಿಗೂ ಮದುವೆ ಆಗಿಬಿಡುತ್ತದೆ ಅಂತ ಅವರ ದೂರು. ನನಗಂತೂ ಅಂಥ ನಾಟಕವೇ ಬೇಕು.

ಅಲ್ಲಿಂದ ಪಟ್ಟದಕಲ್ಲು. ಮಲಪ್ರಭೆಯ ದಂಡೆಯ ಈ ಊರು 1987ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ, ಆದ್ದರಿಂದ ಹುಲ್ಲುಹಾಸು, ಬೇಲಿ, ಟಿಕೆಟ್ ಎಲ್ಲ ಅಚ್ಚುಕಟ್ಟು. ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಇಷ್ಟು ಶಾಲೆಯಲ್ಲಿ ಓದಿದ್ದೆ. ಅಂಗಳ ಗುಡಿಸುತ್ತಿದ್ದ ಒಬ್ಬ ಹೆಂಗಸು ನಾನು ಸುಮ್ನೆ ನಿಂತಿದ್ದು ನೋಡಿ, ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ಬಂದು, "ಕಟ್ಟಿದಾವನ ಹೆಸರು ಐತ್ರಿ ಇಲ್ಲಿ, ನೋಡಿದ್ರೇನು?" ಅಂತ ಕೇಳಿದರು. ಗುಂಡ ಅನ್ನುವ ಶಿಲ್ಪಿ, ಅನಿವಾರಿತಾಚಾರಿ ಅಂತ ಅವನಿಗೆ ಬಿರುದು. ಸರ್ವಸಿದ್ಧಿ ಆಚಾರಿ ಅಂತ ಇನ್ನೊಬ್ಬ. ಆಕೆಗೆ ಓದಲು ಬರುವುದಿಲ್ಲವಂತೆ. ಗೈಡ್‌ಗಳು ಬಂದವರಿಗೆಲ್ಲ ಹೇಳುವುದನ್ನು ಗುಡಿಸುತ್ತಾ ಗುಡಿಸುತ್ತಾ ಕೇಳಿ ಬಾಯಿಪಾಠ ಆಗಿದೆ. "ರಾಜಾ ರಾಣಿ ಹೆಸರು ಎಲ್ಲಾ ಕಡೆ ಇರ್ತಾವ್ರಿ. ಕಲ್ಲು ಕಡದಾವನ ಹೆಸರು ಐತಿ ಅಂದ್ರ ನನಗ ಖುಷಿ."

ಅವರ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಕೆಲಸಗಾರನ ಹೆಸರು ನಮಗೆ ಗೊತ್ತು. ನಾನು ಉಟ್ಟ ಸೀರೆ ನೇಯ್ದವರು ಯಾರೋ ಗೊತ್ತಿಲ್ಲ, ಅಲ್ವಾ?

ಗುಳೇದಗುಡ್ಡಕ್ಕೆ ಹೋಗಲು ಇದು ಒಂದು ನೆಪ. ಇನ್ನೊಂದು, ನನಗೆ ಖಣ ಬೇಕಿತ್ತು. ಇಳಕಲ್ ಸೀರೆ, ಗುಳೇದಗುಡ್ಡ ಖಣ ಅಂತ ಜೋಡಿಯಾಗೇ ಹೇಳುತ್ತಾರೆ. ಸೀರೆ ಅಲ್ಲಿಂದ, ಕುಪ್ಪಸದ ಬಟ್ಟೆ ಇಲ್ಲಿಂದ. ಉತ್ತರ ಕರ್ನಾಟಕಕ್ಕೆ ಮಾತ್ರ ಅಲ್ಲ, ಮಹಾರಾಷ್ಟ್ರಕ್ಕೂ ಇಲ್ಲಿಂದಲೇ ಹೋಗುತ್ತದೆ. ಓಣಿಯೊಳಗೆ ಕಾಲಿಟ್ಟರೆ ಮಗ್ಗದ ಸದ್ದು ಕೇಳುತ್ತದೆ. ಯಾವ ಮನೆಯಲ್ಲಿ ಮಗ್ಗ ಇದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಒಂದು ಮನೆಯ ಬಾಗಿಲಲ್ಲಿ ನಿಂತು ನೋಡಬಹುದಾ ಅಂದೆ. ಒಳಗಿದ್ದ ಅಜ್ಜ ಲಾಳಿ ನಿಲ್ಲಿಸಲಿಲ್ಲ, ತಲೆಯಲ್ಲೇ ಬಾ ಅಂದರು. ಆಮೇಲೆ ಅರ್ಧ ತಾಸು ನಾನು ಅವರಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅವರೇ ಕೇಳಿದರು. ನಿಮ್ಮಪ್ಪ ಏನ್ ಮಾಡ್ತಾರ? ಹೊಲ ಐತೇನು? ಯಾವ ಬೆಳಿ? ಕಾವೇರಿ ನೀರು ಬರ್ತೈತೇನು? ನಿಮ್ಮ ಕಡೆ ಲಗ್ನಕ್ಕ ಎಂಥಾ ಸೀರಿ? ಅಪ್ಪ ಹೊಲ ಮಾರಿದ ಕಥೆ ಹೇಳಿದೆ. ಅದಕ್ಕೆ ಅವರು ಲಾಳಿ ನಿಲ್ಲಿಸಿದರು. "ನಮ್ಮ ಹುಡುಗೂರು ಮಗ್ಗ ಮಾರ್ಯಾರ. ಒಂದ ಉಳದೈತಿ, ಇದು" ಅಂದರು.

ಪೇಟೆಯಿಂದ ಬಂದವರು ಬಹಳ ಜನ ಬಾಗಿಲಲ್ಲೇ "ದಿನಕ್ಕೆ ಎಷ್ಟು ಸಂಪಾದನೆ" ಅಂತ ಶುರುಮಾಡುತ್ತಾರೆ. ನಮ್ಮ ಆಫೀಸಿಗೆ ಯಾರೋ ಗುರುತಿಲ್ಲದವರು ಬಂದು ಕ್ಯಾಮೆರಾ ಹಿಡಿದು ನಿನ್ನ ಸಂಬಳ ಎಷ್ಟು ಅಂತ ಕೇಳಿದರೆ ನಾವು ಹೇಳುತ್ತೇವಾ? ಸೆಕ್ಯುರಿಟಿ ಕರೆಯುತ್ತೇವೆ. ಇಲ್ಲಿ ಚಹಾ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ನಿಮ್ಮದು ನೀವು ಹೇಳಿಕೊಳ್ಳದೆ ಅವರದ್ದು ಮಾತ್ರ ಕೇಳಿ ಬರೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ, ಅದಕ್ಕೆ ಏನೇ ಹೆಸರಿಟ್ಟರೂ. ಈಗೀಗ ಖಣದಲ್ಲಿ ಬ್ಯಾಗು, ಕುರ್ತಾ ಎಲ್ಲ ಹೊಲಿಯುತ್ತಾರೆ, ಅದರಿಂದ ಸ್ವಲ್ಪ ಬೇಡಿಕೆ ಬಂದಿದೆ ಅಂತ ಅಜ್ಜ ಹೇಳಿದರು. ಆಗಸ್ಟ್ 7 ಕೈಮಗ್ಗ ದಿನ, 2015ರಿಂದ ಆಚರಣೆ ಇದೆ. ನಿಮ್ಮನ್ನು ಕರೆಯುತ್ತಾರಾ ಅಂದದ್ದಕ್ಕೆ, "ಒಮ್ಮಿ ಕರದು ಶಾಲು ಹೊದಿಸಿದ್ರು. ಶಾಲು ಮಿಲ್ಲಿಂದು" ಅಂದು ಮತ್ತೆ ಲಾಳಿ ಹೊಡೆದರು. ನಾನು ಖಣ ತಗೊಂಡೆ. ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಅಮೀನಗಡದ ಮೇಲೆ ಇಳಕಲ್‌ಗೆ ಬಸ್ಸು ಹಿಡಿದೆ. ಬಸ್ಸಿನ ತುಂಬ ಹೆಂಗಸರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಸೊನ್ನೆ ರೂಪಾಯಿಯ ಟಿಕೆಟ್. ಇದರ ಪರ ವಿರೋಧ ಏನೇನೋ ಚರ್ಚೆ ಇದೆ, ನೀವೂ ಕೇಳಿರುತ್ತೀರಿ. ನನ್ನ ಪಕ್ಕ ಕೂತಿದ್ದ ಅಜ್ಜಿ ಆ ಚರ್ಚೆಗೆಲ್ಲ ತಲೆ ಕೆಡಿಸಿಕೊಂಡವರಲ್ಲ. ಮೊದಲು ಮಗಳ ಮನೆಗೆ ಹೋಗಬೇಕಾದರೆ ಹಿರಿಮಗನ ಹತ್ತಿರ ದುಡ್ಡು ಕೇಳಬೇಕಿತ್ತು, ಆತ ಯಾಕೆ ಅಂತ ಕೇಳುತ್ತಿದ್ದ. ಈಗ ಯಾರನ್ನೂ ಕೇಳಬೇಕಾಗಿಲ್ಲ, ಆಧಾರ್ ಕಾರ್ಡು ಎಲೆಯಡಿಕೆ ಚೀಲದಲ್ಲೇ ಇರುತ್ತದೆ. "ಹೋದ ವಾರನೂ ಹೋಗಿದ್ದೆ. ಅಳಿಯ ಬೇಜಾರಾಗ್ಯಾನ" ಅಂತ ಹೇಳಿ ನಕ್ಕರು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು ಅವರಿಗೂ ಕೊಟ್ಟೆ. ಹಲ್ಲಿಲ್ಲ ಅಂತ ಮೊಮ್ಮಗನಿಗೆ ಕಟ್ಟಿಕೊಂಡರು. ಇಳಕಲ್‌ನಲ್ಲಿ ಸೀರೆ ನೇಯುವುದನ್ನು ನೋಡಬೇಕು ಅಂದಿದ್ದಕ್ಕೆ, ಅವರ ಮಗಳ ಮನೆಯ ಎದುರುಮನೆಗೇ ಕರೆದುಕೊಂಡು ಹೋಗಿ ಬಿಟ್ಟರು. "ನಮ್ಮ ಹುಡುಗಿ" ಅಂತ ಪರಿಚಯ ಮಾಡಿಸಿದರು. ಬಸ್ಸಿನಲ್ಲಿ ಸಿಕ್ಕವಳು ಅನ್ನಲಿಲ್ಲ.

ಎದುರುಮನೆಯ ಅಕ್ಕನ ಮನೆಯಲ್ಲಿ ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಅವತ್ತು ನೇಯ್ಗೆ ನಡೆದಿರಲಿಲ್ಲ, ಸೆರಗು ಜೋಡಿಸುವ ಕೆಲಸ ಇತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಇವೆರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸಬೇಕು. ಅಕ್ಕ ಒಂದು ಕೈಯಲ್ಲಿ ಒಡಲಿನ ಎಳೆ ಎತ್ತಿ, ಇನ್ನೊಂದರಲ್ಲಿ ಸೆರಗಿನ ಕೆಂಪು ಎಳೆ ತಂದು, ಕುಣಿಕೆಯೊಳಗೆ ತೂರಿಸಿ, ಬೆರಳ ತುದಿಯಲ್ಲಿ ಒಮ್ಮೆ ಹೊಸೆದು ಬಿಡುತ್ತಿದ್ದರು. ಮತ್ತೆ ಮುಂದಿನ ಎಳೆ. ನನ್ನ ಜೊತೆ ಮಾತು, ಒಳಗೆ ಕುಕ್ಕರ್ ಕೂಗಿದ್ದನ್ನು ಎಣಿಸುವುದು, ಸೊಸೆಗೆ ಒಲೆ ಆರಿಸು ಅನ್ನುವುದು, ಎಲ್ಲ ನಡೆದೇ ಇತ್ತು, ಬೆರಳು ಮಾತ್ರ ನಿಲ್ಲಲಿಲ್ಲ. ಈ ಕೊಂಡಿಯ ಕಾರಣಕ್ಕೆ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕು. ಆರು ಗಜವೋ ಎಂಟೋ ಒಂಬತ್ತೋ, ಮೊದಲೇ ತೀರ್ಮಾನ ಆಗಬೇಕು. ಉದ್ದಕ್ಕೆ ನೇಯ್ದು ಆಮೇಲೆ ಕತ್ತರಿಸಿದರಾಯಿತು ಅನ್ನುವ ಹಾಗಿಲ್ಲ.

ಕೊಂಡಿ ಹಾಕುವುದನ್ನು ಅತ್ತೆ ಕಲಿಸಿದರಂತೆ. ಮದುವೆಯಾದ ಹೊಸದರಲ್ಲಿ ಎಳೆ ಹರಿದರೆ ಅತ್ತೆ ಬೈಯುತ್ತಿರಲಿಲ್ಲ, ಮಾತು ಬಿಡುತ್ತಿದ್ದರಂತೆ. "ಬೈದ್ರ ಚಲೋ ಇತ್ತು" ಅಂದರು. ಮಗ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾನೆ. ಇಳಕಲ್‌ನ ಕೆಂಪು ಕಲ್ಲು ಹೊರದೇಶಕ್ಕೂ ಹೋಗುತ್ತದಲ್ಲ. ಕಲ್ಲಿನ ಧೂಳು ಕೆಟ್ಟದ್ದು ಅಂತ ಅಕ್ಕನಿಗೆ ಚಿಂತೆ, ಮಗ್ಗದ ಮುಂದೆ ಕೂತು ಕೂತು ಅಮ್ಮನ ಸೊಂಟ ಹೋಗಿದೆ ಅಂತ ಮಗನಿಗೆ ಚಿಂತೆ. ಇಬ್ಬರೂ ಒಬ್ಬರಿಗೊಬ್ಬರು ಕೆಲಸ ಬಿಡು ಅಂತ ಹೇಳುತ್ತಾರೆ, ಇಬ್ಬರೂ ಬಿಟ್ಟಿಲ್ಲ.

ನಾನು ಫೋನ್ ತೆಗೆದಾಗ ಅಕ್ಕ ಒಂದು ಮಾತು ಹೇಳಿದರು. "ಬಂದವ್ರೆಲ್ಲಾ ಫೋಟೋ ತಗೀತಾರವ್ವಾ. ಕಳಸ್ತೀವಿ ಅಂತ ನಂಬರೂ ಬರ್ಕೋತಾರ. ಇಲ್ಲೀತನ ಒಂದೂ ಬಂದಿಲ್ಲ. ನಮ್ಮ ಮುಖ ಎಲ್ಲೆಲ್ಲಿ ಐತೋ ನಮಗ ಗೊತ್ತಿಲ್ಲ." ಕೋಪದಿಂದ ಹೇಳಿದ್ದಲ್ಲ, ಮಳೆ ಬರಲಿಲ್ಲ ಅನ್ನುವ ಧಾಟಿ. ನನಗೆ ಸಿಟ್ಟು ಬಂತು. ಫೋಟೋ ಕಳಿಸಲು ಏನು ಖರ್ಚು? ಅಲ್ಲೇ ಕೂತು ತೆಗೆದದ್ದನ್ನೆಲ್ಲ ಅವರ ಸೊಸೆಯ ವಾಟ್ಸಾಪಿಗೆ ಕಳಿಸಿಯೇ ಎದ್ದೆ.

ನಿಮ್ಮ ಬಗ್ಗೆ ಬರೆಯಬಹುದಾ ಅಂತಲೂ ಕೇಳಿದೆ. ಯೋಚಿಸಿದರು. ಆ ಮಧ್ಯಾಹ್ನ ಹೇಳಿದ್ದರಲ್ಲಿ ಒಂದು ವಿಷಯ ಬರೆಯಬೇಡ ಅಂದರು, ಅದು ಇಲ್ಲಿಲ್ಲ. ಅತ್ತೆಯ ವಿಷಯ ಬರಿ, ಪರವಾಗಿಲ್ಲ, ಅವರೀಗ ಇಲ್ಲ ಅಂದರು. ಇನ್ನೊಂದನ್ನು ಬರೆಯಲೇಬೇಕು ಅಂತ ಹೇಳಿದರು, ಅದು ಇದು: ಅಂಗಡಿಯಲ್ಲಿ ಇಳಕಲ್ ಸೀರೆ ಅಂತ ಕೊಟ್ಟರೆ ಸೆರಗು ಬಿಚ್ಚಿ, ಒಡಲೂ ಸೆರಗೂ ಸೇರುವ ಜಾಗವನ್ನು ತಿರುವಿ ನೋಡಿ. ಕೊಂಡಿ ಹಾಕಿದ ಗುರುತು ಕೈಗೆ ಸಿಗುತ್ತದೆ. ಜೋಡಣೆಯೇ ಇಲ್ಲದೆ ಒಂದೇ ಸಮ ಓಡಿದ್ದರೆ ಅದು ಪವರ್‌ಲೂಮಿನದು. ಅದನ್ನೂ ಕೊಳ್ಳಿ, ಅದನ್ನು ನೇಯುವವರಿಗೂ ಹೊಟ್ಟೆಯಿದೆ, ಆದರೆ ಕೈಮಗ್ಗದ್ದು ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಟೋಪ ತೆನೆ ಅನ್ನುವ ವಿನ್ಯಾಸದ ಸೆರಗಿನ ಒಂದು ದಾಳಿಂಬೆ ಬಣ್ಣದ ಸೀರೆ ತಗೊಂಡೆ. ಸೆರಗು ಕೆಂಪು, ನಡುವೆ ಬಿಳಿ, ಮತ್ತೆ ಕೆಂಪು. ಬಿಲ್ಲಿನ ಹಿಂದೆ ನಿಮ್ಮ ಹೆಸರು ಬರೆದುಕೊಡಿ ಅಂತ ಹಟ ಮಾಡಿದೆ. ಅಕ್ಕ ನಾಚಿಕೊಂಡು ಸೊಸೆಯ ಕೈಯಲ್ಲಿ ಬರೆಸಿದರು, ಆಮೇಲೆ ಅದನ್ನು ಓದಿ, ಅತ್ತೆಯ ಹೆಸರನ್ನೂ ಸೇರಿಸು ಅಂದರು. ಆ ಚೀಟಿ ಸೀರೆಯ ಮಡಿಕೆಯಲ್ಲೇ ಇಟ್ಟಿದ್ದೇನೆ.

ಮನೆಗೆ ಬಂದಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ಫೋಟೋ ಎಲ್ಲರೂ ನೋಡಿದರಂತೆ, ಬಸ್ಸಿನ ಅಜ್ಜಿಯೂ ಮಗಳ ಮನೆಗೆ ಮತ್ತೆ ಬಂದಿದ್ದಾಗ ನೋಡಿದರಂತೆ. "ಸೀರಿ ಚಂದ ಬಂದೈತಿ ಖರೇ, ನಾ ಮಾತ್ರ ಭಾಳ ದಪ್ಪ ಕಾಣ್ತೀನಿ. ಎಲ್ಲೂ ಹಾಕಬ್ಯಾಡವ್ವಾ ಇದನ್ನ. ಮುಂದಿನ ಸಲ ಬಾ, ಚಲೋ ಸೀರಿ ಉಟ್ಕೊಂಡು ನಿಲ್ತೀನಿ, ಆವಾಗ ತಗಿ." ಈ ಬರಹದ ಜೊತೆ ಫೋಟೋ ಯಾಕಿಲ್ಲ ಅಂತ ಕೇಳುವವರಿಗೆ ಉತ್ತರ ಇದೇ. ಬೇಕಾದರೆ ಕೋತಿಯದ್ದು ಹಾಕುತ್ತೇನೆ.